ಹೆಬ್ಬಾಗಿಲು ಏಳಲು ಹಿಡಿದ ಹೊತ್ತು

ಜನವರಿ 12

ಗಡಿಯಾರದಕ್ಕನವರಿಗೆ ನಮಸ್ಕಾರ.

ಕುಸ್ತಿ ಅಭಿಮಾನಿಗಳ ಪತ್ರಿಕೆ ಕೈಗೆ ಬಂದ ಕೂಡಲೇ ನೀವು ಬರೆಯುವ ಪುಟವನ್ನು ಮೊದಲು ಓದುವವನು ನಾನು. ಸಂಪಾದಕರಿಗೆ ದುಂಬಾಲು ಬಿದ್ದು ನಿಮ್ಮ ವಿಳಾಸ ಪಡೆದೆ. ತಪ್ಪು ತಿಳಿಯಬೇಡಿ.

ಚಳಿಗಾಲದ ಪಂದ್ಯಕ್ಕೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದೀರಿ. ಹನ್ನೊಂದನೆಯ ನಿಮಿಷದ ತನಕ ಓಡಿದ ಆಟ ಆಮೇಲೆ ಕುಂಟಿತು, ಕುಸ್ತಿಪಟು ಹೆಬ್ಬಾಗಿಲು ಈಗೀಗ ಎದ್ದು ಆಡುವುದಕ್ಕಿಂತ ಬಿದ್ದುಕೊಂಡಿರುವುದೇ ಹೆಚ್ಚು ಎಂದು ಬರೆದಿದ್ದೀರಿ. ಅದರ ಬಗ್ಗೆ ಜಗಳ ಆಡುವುದಕ್ಕೆ ಈ ಕಾಗದವಲ್ಲ. ನೀವು ಗಡಿಯಾರ ಹಿಡಿದು ಆಟ ನೋಡುತ್ತೀರಂತೆ. ಪ್ರತಿ ಸಲ ಬಿದ್ದ ಮೇಲೆ ಆತ ಏಳಲು ಎಷ್ಟು ಸೆಕೆಂಡು ತೆಗೆದುಕೊಂಡ ಎಂಬ ಲೆಕ್ಕ ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿ. ಅದಕ್ಕೂ ಹಿಂದಿನ ಪಂದ್ಯದ್ದಿದ್ದರೆ ಅದನ್ನೂ.

ಯಾಕೆ ಎಂದು ಕೇಳಬಹುದು. ನಾನು ಹೆಬ್ಬಾಗಿಲಿನ ಹಳೆಯ ಅಭಿಮಾನಿ, ಅಷ್ಟೆ. ನನ್ನ ಜಾಗದಿಂದ ಆಟ ಸರಿಯಾಗಿ ಕಾಣುವುದಿಲ್ಲ.

ಇಂತಿ,
ಹಿಂದಿನ ಸಾಲಿನವನು


ಜನವರಿ 21

ಹಿಂದಿನ ಸಾಲಿನವರಿಗೆ,

ಹೆಸರು ಹೇಳದವರಿಗೆ ಉತ್ತರ ಬರೆಯಬೇಡ ಎಂದರು ನಮ್ಮ ಅತ್ತೆ. ಆದರೆ ಆರು ವರ್ಷದಿಂದ ಈ ಪುಟ ಬರೆಯುತ್ತಿದ್ದೇನೆ, ಲೆಕ್ಕ ಕೊಡಿ ಎಂದು ಕೇಳಿದವರು ನೀವೇ ಮೊದಲು. ಉಳಿದವರೆಲ್ಲ ಬರೆಯುವುದು ಬೈಯುವುದಕ್ಕೆ.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಸಮಯ ಅಳೆಯುವವಳು. ಸ್ಟಾಪ್‌ವಾಚ್ ಹಿಡಿದು ಹೊಲಿಗೆಯವರ ಹಿಂದೆ ನಿಂತು, ಒಂದು ಕಾಲರಿಗೆ ಎಷ್ಟು ಸೆಕೆಂಡು, ಒಂದು ಜೇಬಿಗೆ ಎಷ್ಟು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ನಾನು ಹೋಗಿ ನಿಂತರೆ ಇಡೀ ಸಾಲಿಗೆ ಸಾಲೇ ಮಾತು ನಿಲ್ಲಿಸುತ್ತದೆ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಗಂಡ ತೀರಿಕೊಂಡ ಮೇಲೆ ಟೀವಿಯ ಕುಸ್ತಿಯೇ ನಮ್ಮಿಬ್ಬರನ್ನು ಒಂದು ಸೋಫಾದಲ್ಲಿ ಕೂರಿಸಿದ್ದು. ಅತ್ತೆಗೆ ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ ಅತ್ತೆ ಎಂದರೆ, ಮಾತಾಗಿದ್ದರೂ ಬೀಳುವ ಬೆನ್ನು ಅವರದ್ದೇ ತಾನೆ ಎನ್ನುತ್ತಾರೆ.

ಲೆಕ್ಕ ಇಲ್ಲಿದೆ. ಬಿದ್ದು ಏಳುವುದಕ್ಕೆ ಹೆಬ್ಬಾಗಿಲು ಕಳೆದ ಮಳೆಗಾಲದಲ್ಲಿ ಹೆಚ್ಚೆಂದರೆ ನಾಲ್ಕು ಸೆಕೆಂಡು ತೆಗೆದುಕೊಂಡಿದ್ದಾನೆ. ಅಕ್ಟೋಬರಿನಲ್ಲಿ ಆರು. ಚಳಿಗಾಲದಲ್ಲಿ ಒಂಬತ್ತು. ಸತ್ತೇ ಹೋದನೇನೋ ಎಂದು ಜನ ಹೆದರಲಿ ಅಂತ ಬೇಕೆಂದೇ ಎಳೆಯುತ್ತಿದ್ದಾನೆ. ಒಂದು ಸಲವಾದರೆ ಚೆನ್ನ, ಐದು ಸಲವಾದರೆ ಆಕಳಿಕೆ.

ಇದರಲ್ಲಿ ಅರ್ಧ ತಪ್ಪು ಆ ಪಟ್ಟೆ ಅಂಗಿಯ ರೆಫರಿಯದ್ದು. ಅವನು ಹತ್ತು ಎಣಿಸುವುದೆಂದರೆ ಎಮ್ಮೆ ಮೆಲುಕು ಹಾಕಿದ ಹಾಗೆ. ನಾನು ಅಳೆದಿದ್ದೇನೆ, ಅವನ ಒಂದು ಎಣಿಕೆಗೆ ಎರಡು ಸೆಕೆಂಡು. ಸಾಲದ್ದಕ್ಕೆ ಬಿದ್ದವನ ಕಿವಿಯಲ್ಲಿ ಏನೋ ಪಿಸುಗುಡುವುದು ಬೇರೆ. ಅಂಥವನು ನಮ್ಮ ಕಾರ್ಖಾನೆಯಲ್ಲಿದ್ದರೆ ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಿದ್ದರು.

ನೀವು ಏನು ಕೆಲಸ ಮಾಡುತ್ತೀರಿ?

ಗಡಿಯಾರದಕ್ಕ


ಫೆಬ್ರವರಿ 3

ಅಕ್ಕನವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ನಾಲ್ಕು, ಆರು, ಒಂಬತ್ತು. ಬರೀ ನನ್ನ ಭ್ರಮೆ ಇರಬೇಕು ಎಂದುಕೊಂಡು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ.

ನನ್ನದು ಊರೂರು ತಿರುಗುವ ಕೆಲಸ. ಹೇಳಿಕೊಳ್ಳುವಂಥದ್ದೇನಲ್ಲ.

ಒಂದು ಉಪಕಾರ ಮಾಡಿ. ಈ ತಿಂಗಳ ಇಪ್ಪತ್ತನೆಯ ತಾರೀಕು ಟೀವಿಯಲ್ಲಿ ಹೆಬ್ಬಾಗಿಲಿಗೂ ಮಿಡತೆಗೂ ಸಣ್ಣ ಪಂದ್ಯವಿದೆ. ಮಿಡತೆ ಎಂದರೆ ಕಂಬದ ಮೇಲಿಂದ ಹಾರುತ್ತಾನಲ್ಲ, ಆ ಹೊಸಬ. ಅವತ್ತು ಹೆಬ್ಬಾಗಿಲಿನ ಎಡಗಾಲನ್ನು ನೋಡಿ. ಎದ್ದ ಮೇಲೆ ಪಾದ ನೆಲಕ್ಕೆ ಉಜ್ಜುತ್ತದೆಯೇ? ಹಗ್ಗವನ್ನು ಒಂದೇ ಸಲಕ್ಕೆ ಹಿಡಿಯುತ್ತಾನೆಯೇ, ಇಲ್ಲ ತಡವರಿಸುತ್ತಾನೆಯೇ?

ಈ ಅಂಕಿಗಳನ್ನು ಸದ್ಯಕ್ಕೆ ಪತ್ರಿಕೆಯಲ್ಲಿ ಹಾಕಬೇಡಿ. ಮಾರ್ಚ್ ಇಪ್ಪತ್ತೆಂಟರ ಮಹಾ ಪಂದ್ಯದಲ್ಲಿ ಕೊನೆಯ ಆಟ ಇವರಿಬ್ಬರದ್ದೇ. ಸುಮ್ಮನೆ ಮಾತು ಹಬ್ಬುವುದು ಬೇಡ.

ರೆಫರಿಯ ವಿಷಯ. ನೀವು ಹೇಳಿದ್ದು ನಿಜ. ಅವನಿಗೂ ಅವನದ್ದೇ ಕಷ್ಟಗಳಿರಬಹುದು. ಚಳಿಗಾಲದ ಪಂದ್ಯ ಮುಗಿಸಿ ಒಳಗೆ ಹೋಗುವಾಗ, ನಮ್ಮ ಆಟ ಯಾವಾಗ ಶುರು ಎಂದು ಹೆಬ್ಬಾಗಿಲು ಕೇಳಿದನಂತೆ. ಯಾರೋ ಹೇಳಿದರು.

ಹಿಂದಿನ ಸಾಲಿನವನು


ಫೆಬ್ರವರಿ 24

ಹಿಂದಿನ ಸಾಲಿನವರಿಗೆ,

ಹದಿನಾಲ್ಕು.

ತಪ್ಪಾಗಿ ಅಳೆದೆನೇನೋ ಎಂದು ಮರುದಿನ ಬೆಳಿಗ್ಗೆ ಮರುಪ್ರಸಾರವನ್ನೂ ನೋಡಿದೆ. ಹದಿನಾಲ್ಕೇ. ಎಡಪಾದ ಉಜ್ಜುತ್ತದೆ. ಹಗ್ಗಕ್ಕೆ ಕೈ ಹಾಕಿದಾಗ ಮೊದಲ ಸಲ ಬರೀ ಗಾಳಿ ಸಿಕ್ಕಿತು. ಒಂದೇ ಪಟ್ಟನ್ನು ಎರಡು ಸಲ ಹಾಕಿದ. ಎರಡನೆಯ ಸಲ ಮಿಡತೆಯ ಮುಖ ನೋಡಿದೆ. ಆಡುವವನ ಮುಖವಾಗಿರಲಿಲ್ಲ ಅದು, ಮೆಟ್ಟಿಲಿಳಿಯುವ ಮುದುಕರ ತೋಳು ಹಿಡಿದುಕೊಂಡವನ ಮುಖ. ಆಟವನ್ನೆಲ್ಲ ಅವನೊಬ್ಬನೇ ಹೊತ್ತುಕೊಂಡು ಹೋದ.

ಪಕ್ಕದಲ್ಲಿ ಕೂತಿದ್ದ ಅತ್ತೆ ಆ ದಿನ ಯಾರನ್ನೂ ಬೈಯಲಿಲ್ಲ. ಟೀವಿ ಆರಿಸು ಎಂದರು.

ಈಗ ನನ್ನ ಪ್ರಶ್ನೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ಪಾದ ಕಾಣುವುದಿಲ್ಲ. ಒಳಗೆ ಹೋಗುವಾಗ ಹೆಬ್ಬಾಗಿಲು ಏನು ಕೇಳಿದ ಎಂಬುದು ಅಭಿಮಾನಿಗಳ ಕಿವಿಗೆ ಬೀಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ದು ಸಾಕು. ನನ್ನ ಕೈಯಲ್ಲಿ ಈ ಲೆಕ್ಕ ಯಾಕೆ ಹಾಕಿಸುತ್ತಿದ್ದೀರಿ? ನೀವು ಯಾರು?

ಗಡಿಯಾರದಕ್ಕ


ಮಾರ್ಚ್ 2

ಅಕ್ಕಾ,

ನೀವು ಬೈದ ಎಮ್ಮೆ ನಾನೇ.

ಇಪ್ಪತ್ತಮೂರು ವರ್ಷದಿಂದ ಪಟ್ಟೆ ಅಂಗಿ ಹಾಕಿಕೊಂಡು ರಿಂಗಿನೊಳಗೆ ಓಡಾಡುತ್ತಿದ್ದೇನೆ. ಜನಕ್ಕೆ ನಾನು ಕಾಣಬಾರದು, ಅದೇ ಒಳ್ಳೆಯ ರೆಫರಿಯ ಲಕ್ಷಣ. ಬಿದ್ದವನ ಕಿವಿಯಲ್ಲಿ ನಾನು ಏನೋ ಪಿಸುಗುಡುತ್ತೇನೆ ಎಂದು ಬರೆದಿದ್ದಿರಿ. ಒಂದೇ ಮಾತು: "ಕೇಳಿಸ್ತಿದೆಯಾ?" ಕೇಳಿಸುತ್ತಿದ್ದರೆ ಅವರು ನನ್ನ ಕೈ ಒತ್ತಬೇಕು. ಒತ್ತಿದರೆ ಆಟ ಮುಂದುವರಿಯುತ್ತದೆ. ಚಳಿಗಾಲದಲ್ಲಿ ಹೆಬ್ಬಾಗಿಲು ಕೈ ಒತ್ತಲಿಲ್ಲ. ನಾನು ಎಣಿಕೆಯನ್ನು ಎಳೆದೆ. ನಾಲ್ಕಕ್ಕೆ ಬಂದಾಗ ತಾನಾಗಿಯೇ ಎದ್ದ. ಇಪ್ಪತ್ತನೆಯ ತಾರೀಕಿನಂದೂ ಎಳೆದೆ. ನನ್ನ ನಿಧಾನ ಅವನಿಗೆ ಆಸರೆ ಎಂದುಕೊಂಡಿದ್ದೆ. ನಿಮ್ಮ ಹದಿನಾಲ್ಕನ್ನು ಓದಿದ ಮೇಲೆ, ಆಸರೆಯಲ್ಲ, ಅವನ ರೋಗಕ್ಕೆ ಮರೆ ಕಟ್ಟುತ್ತಿದ್ದೇನೆ ಅನ್ನಿಸುತ್ತಿದೆ.

ಕುಸ್ತಿ ಕಂಪನಿಯ ಮಾಲೀಕರ ಬಳಿ ಹೋಗಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ವೈದ್ಯರು ರಕ್ತದೊತ್ತಡ ನೋಡಿ ಸಹಿ ಹಾಕಿದ್ದಾರೆ, ಭಿತ್ತಿಪತ್ರ ಊರೆಲ್ಲ ಅಂಟಿದೆ, ನಿನ್ನ ಕೆಲಸ ಎಣಿಸುವುದು, ಎಣಿಸು ಎಂದರು. ಹೆಬ್ಬಾಗಿಲಿಗೇ ಹೇಳಿದೆ. ನಾವಿಬ್ಬರೂ ಒಂದೇ ವರ್ಷ ಈ ಕೆಲಸಕ್ಕೆ ಸೇರಿದವರು. ನಿದ್ದೆ ಸಾಲದು ಕಣೋ ಎಂದು ನಕ್ಕ. ನಗುವಾಗ ಬಾಯಿಯ ಒಂದು ಬದಿ ಮಾತ್ರ ಮೇಲಕ್ಕೆ ಹೋಯಿತು.

ಮಹಾ ಪಂದ್ಯದ ಆಟ ಇಪ್ಪತ್ತನಾಲ್ಕು ನಿಮಿಷದ್ದು. ನಡುವೆ ಮಿಡತೆ ಕಂಬದ ಮೇಲಿಂದ ಅವನ ಎದೆಯ ಮೇಲೆ ಹಾರಬೇಕು, ಒಂದಲ್ಲ, ಮೂರು ಸಲ. ನಮ್ಮಲ್ಲೊಂದು ಸಂಜ್ಞೆಯಿದೆ. ರೆಫರಿ ಎರಡೂ ತೋಳುಗಳನ್ನು ತಲೆಯ ಮೇಲೆತ್ತಿ ಕತ್ತರಿಯ ಹಾಗೆ ಅಡ್ಡ ಹಿಡಿದರೆ, ಇದು ನಾಟಕವಲ್ಲ, ನಿಜವಾಗಿ ಪೆಟ್ಟಾಗಿದೆ, ಎಲ್ಲ ನಿಲ್ಲಿಸಿ ಎಂದರ್ಥ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಿಡಿದಿಲ್ಲ. ಕಾರಣವಿಲ್ಲದೆ ಹಿಡಿದವನಿಗೆ ಆಮೇಲೆ ಯಾವ ರಿಂಗಿನಲ್ಲೂ ಜಾಗವಿಲ್ಲ. ಕಾರಣವಿದ್ದೂ ಹಿಡಿಯದೆ ಹೋದರೆ ಏನಾಗುತ್ತದೆ ಎಂದು ಬರೆಯಲು ನನಗೆ ಧೈರ್ಯವಿಲ್ಲ.

ಒಂದು ಸಂಖ್ಯೆ ಕೊಡಿ ಅಕ್ಕಾ. ಎಷ್ಟು ಸೆಕೆಂಡಿಗೆ ನಿಲ್ಲಿಸಲಿ?

ರೆಫರಿ


ಮಾರ್ಚ್ 9

ಅಣ್ಣಾ,

ಇನ್ನು ಮುಂದೆ ಹಾಗೇ ಕರೆಯುತ್ತೇನೆ. ಎಮ್ಮೆ ಎಂದದ್ದಕ್ಕೆ ಕ್ಷಮಿಸಿ ಎನ್ನುವುದು ತೀರಾ ಸಣ್ಣ ಮಾತಾಯಿತು.

ನಿಮ್ಮ ಕಾಗದಕ್ಕೆ ಮೊದಲು ಸಿಟ್ಟು ಬಂತು. ಕೈ ಎತ್ತುವವರು ನೀವು, ಸಂಖ್ಯೆ ಮಾತ್ರ ನನ್ನಿಂದ ಯಾಕೆ? ಆಮೇಲೆ ಸಿಟ್ಟಿನ ಅಡಿಯಲ್ಲಿದ್ದದ್ದು ಹೆದರಿಕೆ ಎಂದು ತಿಳಿಯಿತು. ನಾನು ಹಿಂದೊಮ್ಮೆ ಸಂಖ್ಯೆ ಕೊಟ್ಟವಳು.

ಮೂರು ವರ್ಷದ ಹಿಂದೆ ನಮ್ಮ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುವವಳೊಬ್ಬಳಿದ್ದಳು. ಒಂದು ಕಾಜಾಕ್ಕೆ ಹನ್ನೆರಡು ಸೆಕೆಂಡು, ಎಂದೂ ತಪ್ಪಿದವಳಲ್ಲ. ಎರಡು ತಿಂಗಳಲ್ಲಿ ಅದು ಹದಿನೈದಾಯಿತು, ಹತ್ತೊಂಬತ್ತಾಯಿತು. ನಾನು ಅವಳ ಬೆನ್ನ ಹಿಂದೆ ನಿಂತು ಬರೆದುಕೊಂಡೆ. ಎದುರಿಗೆ ಹೋಗಿ ಕೈ ನೋಡಲಿಲ್ಲ. ವರದಿಯಲ್ಲಿ 'ನಿರ್ಲಕ್ಷ್ಯ' ಎಂದು ಹಾಕಿದೆ. ಅವಳನ್ನು ತೆಗೆದರು. ಕೈಯ ನರ ಸಾಯುತ್ತಿತ್ತಂತೆ. ಆಗಲೇ ತೋರಿಸಿದ್ದರೆ ಉಳಿಯುತ್ತಿತ್ತು ಎಂದು ಅವಳ ತಂಗಿ ಬಸ್ ನಿಲ್ದಾಣದಲ್ಲಿ ಸಿಕ್ಕಿ ಹೇಳಿದಳು. ಬೈಯಲಿಲ್ಲ, ಬರೀ ಹೇಳಿದಳು. ಆ ಕಾಜಾದವಳು ಈಗ ಎಡಗೈಯಲ್ಲೇ ತಲೆ ಬಾಚಿಕೊಳ್ಳಬೇಕು. ಹೆಬ್ಬಾಗಿಲಿನ ಮೇಲೂ ನಾನು ಅದೇ ತೀರ್ಪು ಬರೆದಿದ್ದೆ, ಅಂಕ ಹಾಕಿ ಬೇರೆ.

ಅತ್ತೆಗೆ ನಿಮ್ಮ ಕಾಗದವನ್ನು ಕಿವಿಯ ಹತ್ತಿರ ಗಟ್ಟಿಯಾಗಿ ಓದಿದೆ. ಕೇಳಿ ಮುಗಿಸಿ, "ಆಟ ಕೆಟ್ಟರೆ ಕೆಡಲಿ, ಆಳು ಉಳೀಲಿ ಅಂತ ಬರಿ" ಎಂದರು. ಬರೆದಿದ್ದೇನೆ.

ಸಂಖ್ಯೆ ಬೇಕೇಬೇಕು ಎಂದರೆ ಏಳು. ಆದರೆ ಸಂಖ್ಯೆ ನಂಬಬೇಡಿ ಅಣ್ಣಾ. ನಾನು ನೋಡದೆ ಬಿಟ್ಟದ್ದನ್ನು ನೀವು ನೋಡಿ. ಎದುರಿಗೆ ಹೋಗಿ, ಅವರ ಕಣ್ಣು ನೋಡಿ.

ನನಗೂ ಅತ್ತೆಗೂ ಟಿಕೇಟು ತೆಗೆಸಿದ್ದೇನೆ. ಆರನೆಯ ಸಾಲು.

ಗಡಿಯಾರದಕ್ಕ


ಮಾರ್ಚ್ 20

ಅಕ್ಕಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮಾಲೀಕರು ರೆಫರಿಯನ್ನು ಬದಲಾಯಿಸಲು ಹೊರಟಿದ್ದರು. ಹೆಬ್ಬಾಗಿಲೇ ಬೇಡ ಎಂದನಂತೆ, ನನ್ನ ಆಟಕ್ಕೆ ಅವನೇ ಇರಬೇಕು ಎಂದನಂತೆ. ಆಮೇಲೆ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದು ಬಾಗಿಲು ಹಾಕಿದ. "ಇದು ನನ್ನ ಕೊನೇ ದೊಡ್ಡ ಆಟ. ನೀನು ಕೈ ಅಡ್ಡ ಹಿಡಿದ್ಯೋ, ಸಾಯೋ ತನಕ ನಿನ್ನ ಮುಖ ನೋಡಲ್ಲ" ಎಂದ.

ಇದನ್ನು ಹೇಳುವಾಗ ಶೂವಿನ ದಾರ ಕಟ್ಟಿಕೊಳ್ಳುತ್ತಿದ್ದ. ಮೂರು ಸಲ ಶುರು ಮಾಡಿದ. ಕೊನೆಗೆ ನಾನೇ ಬಗ್ಗಿ ಕಟ್ಟಿದೆ.

ಮಿಡತೆಯೂ ಹೆದರಿದ್ದಾನೆ. ಹಾರುವಾಗ ಆದಷ್ಟು ಭಾರವನ್ನು ತನ್ನ ಮೊಣಕಾಲಿಗೆ ತೆಗೆದುಕೊಳ್ಳುತ್ತೇನೆ ಎಂದ.

ರೆಫರಿ


ಮಾರ್ಚ್ 30

ಅಣ್ಣಾ,

ನೀವು ಎಲ್ಲಿದ್ದೀರೋ, ಈ ಕಾಗದ ನಿಮಗೆ ಸಿಗುತ್ತದೋ ಇಲ್ಲವೋ. ಹೆಬ್ಬಾಗಿಲು ಹೇಗಿದ್ದಾರೆ? ಬದುಕಿದ್ದಾರೆಯೇ? ಪತ್ರಿಕೆಗಳಲ್ಲಿ ಒಂದು ಸಾಲೂ ಇಲ್ಲ. ಕಂಪನಿಯ ಕಚೇರಿಗೆ ಫೋನ್ ಮಾಡಿದರೆ ಗೊತ್ತಿಲ್ಲ ಎಂದು ಇಟ್ಟುಬಿಡುತ್ತಾರೆ.

ಒಳಗಿದ್ದ ನಿಮಗೆ ಹೊರಗಿನದ್ದು ಗೊತ್ತಾಗಿರಲಿಕ್ಕಿಲ್ಲ. ಹನ್ನೆರಡು ನಿಮಿಷ ಆಟ ಹೇಗೆ ನಡೆಯಿತೆಂದರೆ, ಕೈಯಲ್ಲಿ ಗಡಿಯಾರ ಇರುವುದೇ ನನಗೆ ಮರೆತುಹೋಗಿತ್ತು. ಸುತ್ತಲಿನವರು ಕುರ್ಚಿಯ ಅಂಚಿಗೆ ಬಂದಿದ್ದರು. ಎರಡು ಸಲ ಮಿಡತೆ ಹಾರಿದ, ಎರಡು ಸಲ ಹೆಬ್ಬಾಗಿಲು ಎದ್ದರು. ನಮ್ಮ ಹೆದರಿಕೆ ಸುಳ್ಳಾಯಿತು ಎಂದು ಅತ್ತೆಯ ಕೈ ಹಿಡಿದುಕೊಂಡೆ. ಮೂರನೆಯ ಸಲ ಬಿದ್ದ ಸದ್ದು ಬೇರೆಯಾಗಿತ್ತು. ಮೊದಲಿನವು ಹಲಗೆಯ ಸದ್ದು. ಇದು ಮೂಟೆ ಕೆಡವಿದ ಸದ್ದು. ನೀವು ಮಂಡಿಯೂರಿದಿರಿ. ಒಂದು, ಎರಡು. ಎಣಿಸುತ್ತಿದ್ದದ್ದು ನಾನು, ನೀವು ಎಣಿಸಲೇ ಇಲ್ಲ. ಮೂರು, ನಾಲ್ಕು. ಐದಕ್ಕೆ ಎದ್ದು ನಿಂತು ಕೈ ಅಡ್ಡ ಹಿಡಿದಿರಿ.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಶುರುವಾದ ಕೂಗಾಟ ಅತ್ತೆಯ ಮಂದ ಕಿವಿಗೂ ಕೇಳಿಸಿತು. ಖಾಲಿ ಲೋಟ, ಬಾಟಲಿ ತೂರಿದರು. ನಿಮ್ಮ ಹಣೆಗೆ ಒಂದು ಬಿದ್ದದ್ದನ್ನು ನೋಡಿದೆ. ನೀವು ಕೈ ಇಳಿಸಲಿಲ್ಲ. ಹೀಗೂ ಆಟ ಮುಗಿಸುತ್ತಾರಾ, ಮೋಸ, ಎಂದು ನನ್ನ ಪಕ್ಕದವನು ಅಳುತ್ತಿದ್ದ.

ಅವತ್ತಿನಿಂದ ನನ್ನ ಹೆದರಿಕೆ ತಿರುಗಿ ನಿಂತಿದೆ. ನಾನು ಏಳು ಎಂದಿದ್ದೆ, ನೀವು ಐದಕ್ಕೇ ಹಿಡಿದಿರಿ. ಆರಕ್ಕೆ ಏಳುತ್ತಿದ್ದರೇ? ಒಬ್ಬ ಮನುಷ್ಯನ ಇಪ್ಪತ್ತಮೂರು ವರ್ಷದ ಕೊನೆಯ ಆಟವನ್ನು ನಾವಿಬ್ಬರು ಸೇರಿ ಹಾಳು ಮಾಡಿದೆವೇ? ದಯವಿಟ್ಟು ಎರಡು ಸಾಲು ಬರೆಯಿರಿ.

ಗಡಿಯಾರದಕ್ಕ


ಏಪ್ರಿಲ್ 14

ಅಣ್ಣಾ,

ಅಂಚೆಯವನು ದಾಟಿಹೋಗುವುದನ್ನು ಅತ್ತೆ ದಿನಾ ಕಿಟಕಿಯಲ್ಲಿ ಕೂತು ನೋಡುತ್ತಾರೆ. ನೀವು ಕೆಲಸ ಕಳೆದುಕೊಂಡಿರಿ ಎಂದು ಸಂಪಾದಕರು ಹೇಳಿದರು. ಹೆಬ್ಬಾಗಿಲಿನ ವಿಷಯ ಅವರಿಗೂ ಗೊತ್ತಿಲ್ಲ. ಪತ್ರಿಕೆಯ ತುಂಬ ಓದುಗರ ಕಾಗದಗಳು: ಇಂಥ ಕೆಟ್ಟ ಮುಕ್ತಾಯ ಕಂಡಿಲ್ಲ, ಹತ್ತಕ್ಕೆ ಒಂದು, ಹತ್ತಕ್ಕೆ ಸೊನ್ನೆ. ನನ್ನ ಪುಟ ಕೇಳಿದರು. ಕೊಡುವುದಿಲ್ಲ ಎಂದೆ.

ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿಯುವ ಮೊದಲು ಈಗ ಹೊಲಿಗೆಯವರ ಎದುರಿಗೆ ಹೋಗಿ ಕೈ ನೋಡುತ್ತೇನೆ. ಕೆಟ್ಟ ಸುದ್ದಿಯಾದರೂ ಸರಿ, ತಿಳಿಸಿ.

ಗಡಿಯಾರದಕ್ಕ


ಏಪ್ರಿಲ್ 27

ಅಕ್ಕಾ,

ಬದುಕಿದ್ದಾನೆ. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು ಎಂದು ಇಷ್ಟು ದಿನ ಕಾದೆ. ಹನ್ನೆರಡು ದಿನ ಅದು ಯಾರಿಗೂ ಖಚಿತವಿರಲಿಲ್ಲ, ಆಮೇಲೂ ಬರೆಯಲು ನನಗೆ ಕೈ ಏಳಲಿಲ್ಲ.

ತಲೆಬುರುಡೆಯೊಳಗೆ ರಕ್ತ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಒಸರಿ ಮಿದುಳನ್ನು ಒತ್ತುತ್ತಿತ್ತಂತೆ. ಬುರುಡೆಗೆ ತೂತು ಕೊರೆದು ತೆಗೆದರು. ಇನ್ನೊಂದು ಸಲ ಬಿದ್ದಿದ್ದರೆ ನಮ್ಮ ಬಳಿಗೆ ತರುವ ಅಗತ್ಯ ಇರುತ್ತಿರಲಿಲ್ಲ ಎಂದರು ವೈದ್ಯರು. ಎಡಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಮಾತು ಹುಡುಕಿ ಹುಡುಕಿ ಆಡುತ್ತಾನೆ.

ನಿಮಗೆ ಹೇಳದೇ ಇದ್ದ ಒಂದು ವಿಷಯವಿದೆ. ಅದೇ ನನ್ನನ್ನು ತಿನ್ನುತ್ತಿತ್ತು. ಅವತ್ತು ಅವನು ನನ್ನ ಕೈ ಒತ್ತಿದ ಅಕ್ಕಾ. ಮುಂದುವರಿಸು ಎಂಬ ಒತ್ತು. ಅದನ್ನು ಮೀರಿ ನಾನು ನಿಲ್ಲಿಸಿದೆ. ಯಾಕೆಂದರೆ ನಾನಿನ್ನೂ ಕೇಳಿಸ್ತಿದೆಯಾ ಎಂದು ಕೇಳಿರಲೇ ಇಲ್ಲ. ಕೇಳುವ ಮೊದಲೇ ಒತ್ತಿದ. ಕಣ್ಣು ನೋಡಿದೆ. ಅದು ನನ್ನನ್ನು ನೋಡುತ್ತಿರಲಿಲ್ಲ. ಕೈ ಮಾತ್ರ ಅಭ್ಯಾಸಬಲದಿಂದ ಕೆಲಸ ಮಾಡುತ್ತಿತ್ತು.

ಹಾಗೆಂದು ನಾನು ಈಗ ಹೇಳುತ್ತಿದ್ದೇನೆ. ಅವತ್ತು ಐದು ಸೆಕೆಂಡಿನಲ್ಲಿ ಇಷ್ಟೆಲ್ಲ ಯೋಚಿಸಿದೆನೋ, ಬರೀ ಹೆದರಿ ಕೈ ಎತ್ತಿದೆನೋ, ಆಣೆ ಮಾಡಿ ಹೇಳಲಾರೆ.

ಅವನು ನನ್ನನ್ನು ಆಸ್ಪತ್ರೆಯ ಕೋಣೆಗೆ ಬಿಟ್ಟುಕೊಳ್ಳಲಿಲ್ಲ. ಹೇಳಿದ ಮಾತಿಗೆ ಸರಿಯಾಗಿ ಮುಖ ನೋಡಲಿಲ್ಲ. ಮೊನ್ನೆ ಅವನ ಹೆಂಡತಿಯೇ ಬಂದು ಕರೆದುಕೊಂಡು ಹೋದಳು. ಗೋಡೆಯ ಕಡೆ ತಿರುಗಿ ಮಲಗಿದ್ದ. ತಿರುಗದೆಯೇ ಕೇಳಿದ: "ಆಟ ಹೇಗಿತ್ತು?"

ಅವನಿಗೆ ಮಹಾ ಪಂದ್ಯದ ಒಂದು ನಿಮಿಷವೂ ನೆನಪಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಛಾವಣಿ. ಚೆನ್ನಾಗಿತ್ತು ಎಂದೆ. ನೀನು ಒಳಗಿದ್ದವನು, ನಿನಗೇನು ಗೊತ್ತು ಎಂದ. ಅದು ನಿಜವೇ. ಹೊರಗಿನಿಂದ ನೋಡಿದ, ಸುಳ್ಳು ಹೊಗಳದ ಒಬ್ಬರು ನನಗೆ ಗೊತ್ತು ಎಂದೆ. ಆಗ ಈ ಕಡೆ ತಿರುಗಿದ. ನಿಮ್ಮ ಹೆಸರು ಹೇಳಿದಾಗ, ನಾಲ್ಕು ಅಂಕದವಳಾ ಎಂದ.

ಬರುತ್ತೀರಾ ಅಕ್ಕಾ?

ರೆಫರಿ


ಮೇ 2

ಅಣ್ಣಾ,

ನಿಮ್ಮ ಕಾಗದ ಬಂದಾಗ ಅತ್ತೆ ನನಗಿಂತ ಮೊದಲು ಅತ್ತರು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಇಬ್ಬರೂ ಬರುತ್ತೇವೆ. ಬಸ್ ಎಲ್ಲಿ ಇಳಿಯಬೇಕು ಎಂದು ವಿಚಾರಿಸಿಕೊಂಡಿದ್ದೇನೆ.

ನಿನ್ನೆ ಸಂಜೆ ಆ ಕಾಜಾ ಹೊಲಿಯುವವಳ ಮನೆಗೆ ಹೋಗಿದ್ದೆ. ಏನು ಮಾತಾಯಿತು ಎಂದು ಈಗ ಬರೆಯಲಾರೆ. ನನ್ನನ್ನು ಒಳಗೆ ಕರೆದಳು, ಅಷ್ಟು ಹೇಳುತ್ತೇನೆ.

ಹೆಬ್ಬಾಗಿಲಿಗೆ ಹನ್ನೆರಡು ನಿಮಿಷವನ್ನೂ ಬಿಡಿಬಿಡಿಯಾಗಿ ಹೇಳುತ್ತೇನೆ. ಮೊದಲ ಪಟ್ಟಿನಿಂದಲೇ ಮಿಡತೆಯನ್ನು ಹೇಗೆ ಅಂಚಿಗೆ ದೂಡಿದರು, ಐದನೆಯ ನಿಮಿಷದಲ್ಲಿ ಆಟದ ವೇಗವನ್ನು ಬೇಕೆಂದೇ ಇಳಿಸಿ ಜನರನ್ನು ಹೇಗೆ ಕಾಯಿಸಿದರು, ಒಂಬತ್ತನೆಯದರಲ್ಲಿ ಎರಡೂ ಕೈಯಿಂದ ಅವನನ್ನು ಎತ್ತಿದಾಗ ಸಭಾಂಗಣದಲ್ಲಿ ಹೇಗೆ ಉಸಿರು ನಿಂತಿತು, ಎಲ್ಲ. ಒಂದು ಮಾತೂ ಹೆಚ್ಚು ಹೊಗಳುವುದಿಲ್ಲ. ಹೊಗಳುವ ಅಗತ್ಯವೂ ಇಲ್ಲ.

ಅಲ್ಲಿಯವರೆಗೆ ನನಗೆ ಭಯವಿಲ್ಲ. ಆಮೇಲಿನದ್ದು ಭಯ. ನಾನು ಏಳುತ್ತಿದ್ದೆನಾ ಎಂದು ಅವರು ಕೇಳಿಯೇ ಕೇಳುತ್ತಾರೆ. ನಿಮ್ಮ ಕಾಗದ ಬಂದಾಗಿನಿಂದ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಗೊತ್ತಿಲ್ಲ ಎನ್ನುತ್ತೇನೆ. ಅದನ್ನು ತಿಳಿದುಕೊಳ್ಳುವ ತನಕ ನಾವಿಬ್ಬರೂ ಕಾಯಲಿಲ್ಲ ಎನ್ನುತ್ತೇನೆ. ಆ ಮಾತು ಹೇಳುವಾಗ ನೀವು ಕೋಣೆಯಲ್ಲೇ ಇರಿ.

ನಿಮ್ಮ ತಂಗಿ